ಸಂಗಮೇಶನ ರೂಟಿನಲ್ಲಿ ಸಾಯುವ ದನಗಳು

ಆಫೀಸಿನಲ್ಲಿ ನನ್ನನ್ನು ಅನುಮಾನದ ಪಿಶಾಚಿ ಅಂತ ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ. ಕರೆಯಲಿ ಬಿಡಿ, ನನಗೇನು. ದನದ ವಿಮೆಯ ಕ್ಲೇಮುಗಳನ್ನು ತನಿಖೆ ಮಾಡುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಸತ್ತುಹೋಯಿತು ಅಂತ ಅರ್ಜಿ ಬಂದಿದ್ದ ಎಮ್ಮೆಯ ಹಾಲಿನಲ್ಲೇ ಮಾಡಿದ ಕಾಫಿ ಕುಡಿದು, ಆಮೇಲೆ ಆ ಕ್ಲೇಮನ್ನು ತಿರಸ್ಕರಿಸಿ ಎದ್ದು ಬಂದವಳು ನಾನು. ಹೆಸರು ಮಾಲಿನಿ. ಪೇಟೆಯಿಂದ ತೊಗರಿಬೇಳೆ ತಂದರೆ ತೂಕ ಸರಿಯಿದೆಯಾ ಅಂತ ನಾನು ನೋಡುತ್ತೇನೆ ಎಂದು ನನ್ನ ಗಂಡ ಮದುವೆಮನೆಗಳಲ್ಲಿ ಹೇಳಿಕೊಂಡು ನಗುತ್ತಾರೆ. ನೋಡುತ್ತೇನೆ, ಸುಳ್ಳಲ್ಲ.

ಹಾಗಾಗಿ ತುಮಕೂರಿನ ನಮ್ಮ ಆಫೀಸಿನಲ್ಲಿ ಕೋಮಲಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಮೇಡಂ, ಈ ಗುಬ್ಬಿ ರೂಟು ಯಾಕೋ ಸರಿ ಕಾಣ್ತಿಲ್ಲ" ಅಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಕೋಮಲಾ ಅಂಕಿಸಂಖ್ಯೆ ಓದಿಕೊಂಡು ಬಂದ ಹುಡುಗಿ. ಯಾವ ರೂಟಿನಲ್ಲಿ, ಅಂದರೆ ಒಬ್ಬೊಬ್ಬ ಏಜೆಂಟಿನ ಹಳ್ಳಿಗಳಲ್ಲಿ, ಎಷ್ಟು ಕ್ಲೇಮು ಬರಬಹುದು ಅಂತ ಮುಂಚಿತವಾಗಿ ಲೆಕ್ಕ ಹಾಕುವುದು ಅವಳ ಕೆಲಸ. ಬಾಯಿ ಕಮ್ಮಿ, ಬುದ್ಧಿ ಜಾಸ್ತಿ.

"ನಂಗೆ ಅರ್ಥ ಆಗೋ ಹಾಗೆ ಹೇಳು ತಾಯಿ" ಅಂದೆ.

"ಒಂದು ರೂಟಲ್ಲಿ ವರ್ಷಕ್ಕೆ ಎಷ್ಟು ದನ ಸಾಯ್ಬಹುದು ಅಂತ ಅಂದಾಜು ಮಾಡ್ತೀವಿ ಮೇಡಂ. ಅಲ್ಲಿ ದನ ಎಷ್ಟಿವೆ, ವಯಸ್ಸೆಷ್ಟು, ಸೀಮೆಹಸುನಾ ನಾಟಿನಾ, ಮಳೆ ಹೇಗಿತ್ತು, ಇದನ್ನೆಲ್ಲ ಹಾಕಿದ್ರೆ ಒಂದು ಸಂಖ್ಯೆ ಬರುತ್ತೆ. ನಿಜವಾಗಿ ಬಂದ ಕ್ಲೇಮು ಅದರ ಆಜುಬಾಜಿನಲ್ಲಿ ಇರುತ್ತೆ. ಆದ್ರೆ ಕೆಲವು ಕಡೆ ನಮಗೆ ಗೊತ್ತಿರೋದನ್ನೆಲ್ಲ ಹಾಕಿದ್ರೂ ತಾಳೆ ಆಗಲ್ಲ. ಅಂದ್ರೆ ಅಲ್ಲಿ ನಮ್ಮ ಕಣ್ಣಿಗೆ ಬೀಳದೆ ಇರೋ ಕಾರಣ ಏನೋ ಇದೆ. ಅದಕ್ಕೆ ಅಂದಾಜಿನ ಎಷ್ಟು ಪಟ್ಟು ಬಂತು ಅಂತ ಪ್ರತಿ ರೂಟಿಗೂ ಒಂದು ಗುಣಕ ಇಡ್ತೀವಿ. ಮಾಮೂಲಿ ರೂಟಾದ್ರೆ ಒಂದು."

"ಗುಬ್ಬಿದೆಷ್ಟು?"

"ನಾಲ್ಕರ ಹತ್ರ ಇದೆ. ಕುಣಿಗಲ್ ಕಡೆ ಕೊತ್ತಗೆರೆದು ಒಂದು. ಬೆಳ್ಳಾವಿದು ಒಂದಕ್ಕಿಂತ ಚೂರು ಕಮ್ಮಿನೇ."

"ಆ ಕಾಣದ ಕಾರಣದ ಹೆಸರು ನಾನ್ ಹೇಳ್ಲಾ? ಕಳ್ಳತನ."

"ಮಾಡೆಲ್ಲು ಹಾಗನ್ನಲ್ಲ ಮೇಡಂ. ಏನೋ ಇದೆ ಅನ್ನುತ್ತೆ, ಅಷ್ಟೇ. ರೋಗ ಇರ್ಬಹುದು, ಮೇವು ಕೆಟ್ಟಿರ್ಬಹುದು."

"ನಾಲ್ಕು ಪಟ್ಟು ರೋಗ ಬಂದಿದ್ರೆ ಊರಿಗೆ ಊರೇ ಬಾಯಿ ಬಡ್ಕೊಳ್ತಿತ್ತು ಕಣೇ. ನಮ್ಮ ಕಿವಿಗೆ ಬೀಳ್ತಿರ್ಲಿಲ್ವಾ?"

ಗುಬ್ಬಿಯಿಂದಾಚೆಯ ಆ ರೂಟನ್ನು ನೋಡಿಕೊಳ್ಳುತ್ತಿದ್ದ ಏಜೆಂಟು ಸಂಗಮೇಶ. ಅವನ ಕ್ಲೇಮುಗಳನ್ನೆಲ್ಲ ತೆಗೆಸಿ ನೋಡಿದೆ. ನಮ್ಮ ಕಂಪನಿಯಲ್ಲಿ ವಿಮೆಯಾದ ದನದ ಕಿವಿಗೆ ನಂಬರಿರುವ ಹಳದಿ ಓಲೆ ಹಾಕುತ್ತೇವೆ. ದನ ಸತ್ತಾಗ ಬರೀ ಓಲೆ ತಂದುಕೊಟ್ಟರೆ ಒಪ್ಪುವುದಿಲ್ಲ, ಅದನ್ನು ಬದುಕಿರುವ ದನದಿಂದಲೂ ಕಿತ್ತು ತರಬಹುದಲ್ಲ. ಓಲೆಯ ಸಮೇತ ಕಿವಿಯನ್ನು ಕೊಯ್ದು ಕೊಡಬೇಕು. ಬೇರೆ ರೂಟುಗಳಿಂದ ಅಪರೂಪಕ್ಕೊಂದು ಕಿವಿ ಬರುತ್ತಿತ್ತು, ಅದೂ ಕೊಳೆತು ನಾರುತ್ತ. ಸಂಗಮೇಶನಿಂದ ಮಾತ್ರ ತಪ್ಪದೆ, ಉಪ್ಪು ಸವರಿ, ಮುಚ್ಚಳವಿರುವ ಡಬ್ಬಿಯಲ್ಲಿ ನೀಟಾಗಿ ಬರುತ್ತಿತ್ತು. ಡಾಕ್ಟರ ಸರ್ಟಿಫಿಕೇಟು, ಫೋಟೋ, ಒಂದರಲ್ಲೂ ಕೊರತೆಯಿಲ್ಲ. ಇಷ್ಟು ಅಚ್ಚುಕಟ್ಟಾಗಿ ದನ ಸಾಯುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಎಲ್ಲೋ ಚರ್ಮದ ವ್ಯಾಪಾರಿಗಳ ಹತ್ತಿರ ಕಿವಿ ಕೊಂಡು, ಅದಕ್ಕೆ ಓಲೆ ಚುಚ್ಚಿ ನಮಗೆ ಕಳಿಸುತ್ತಿದ್ದಾನೆ ಅನ್ನುವುದು ನನ್ನ ಲೆಕ್ಕ.

ಮ್ಯಾನೇಜರಿಗೆ ಹೇಳಿದೆ. "ಪ್ರೂಫ್ ತನ್ನಿ" ಅಂದರು. "ಮೋಸ ಅಂತ ಗೊತ್ತಾದ್ರೆ ಏಜೆನ್ಸಿ ಕ್ಯಾನ್ಸಲ್, ಪೊಲೀಸ್ ಕಂಪ್ಲೇಂಟು. ಅವನ ಕಡೆಯ ರೈತರ ಕ್ಲೇಮೂ ಎಲ್ಲ ಬಂದ್."

ಮೊದಲು ಕೊತ್ತಗೆರೆಗೆ ಹೊರಟೆ. ಗುಣಕ ಒಂದು ಅನ್ನುವ ಊರು ಹೇಗಿರುತ್ತದೆ ಅಂತ ಕಣ್ಣಾರೆ ನೋಡಿಕೊಂಡರೆ ಕಳ್ಳನನ್ನು ಹಿಡಿಯುವುದು ಸಲೀಸು. ಆಫೀಸಿನ ಕಾರು ಓಡಿಸುವ ತಿಮ್ಮರಾಜು ದಾರಿಯುದ್ದಕ್ಕೂ ನನ್ನನ್ನು ಕೆಣಕುತ್ತಲೇ ಇದ್ದ. ಅಲ್ಲಿನ ಏಜೆಂಟು ಕದರಯ್ಯ ವಯಸ್ಸಾದ ಮನುಷ್ಯ, ಕೈ ಮುಗಿದುಕೊಂಡೇ ಬಂದ. "ನಮ್ ಕಡೆ ಕ್ಲೇಮು ಗೀಮು ಅಂತ ಯಾರೂ ಬರಾಕಿಲ್ಲ ಮೇಡಂ. ಒಳ್ಳೆ ಜನ" ಅಂದ.

ಪುಟ್ಟಗಂಗಮ್ಮ ಅನ್ನುವವರ ಹಸು ಹಿಂದಿನ ತಿಂಗಳು ಸತ್ತಿತ್ತು. ವಿಮೆಯೂ ಇತ್ತು. ಕ್ಲೇಮು ಯಾಕೆ ಹಾಕಲಿಲ್ಲ ಅಂತ ಕೇಳಿದೆ. ಆಕೆ ಕದರಯ್ಯನ ಕಡೆ ಒಮ್ಮೆ ದುರುಗುಟ್ಟಿ ನೋಡಿ, "ಬ್ಯಾಡ ಬುಡಿ ತಾಯಿ, ಆ ದುಡ್ಡು ನಮಗ್ಯಾಕೆ. ಹೋಗಿದ್ ಹೋಯ್ತು" ಅಂದು ಪೊರಕೆ ತೆಗೆದುಕೊಂಡು ಕೊಟ್ಟಿಗೆ ಗುಡಿಸಲು ಹೋದಳು. ದುರಾಸೆಯಿಲ್ಲದ ಹೆಂಗಸು ಅಂತ ನನಗೆ ಗೌರವವೇ ಬಂತು.

ಕಾರು ಹತ್ತುವಾಗ ತಿಮ್ಮರಾಜು, "ಅಲ್ಲಾ ಮೇಡಂ, ಬರೋ ದುಡ್ಡು ಬ್ಯಾಡ ಅಂತಾವ್ಳೆ, ನೀವು ಅನುಮಾನನೇ ಪಡ್ಲಿಲ್ವಲ್ಲ. ಮೈ ಹುಷಾರಿಲ್ವಾ?" ಅಂದ.

"ಗಾಡಿ ನೋಡ್ಕೊಂಡು ಓಡ್ಸು" ಅಂತ ಗದರಿಸಿದೆ.

ಮಾರನೆಯ ದಿನ ಗುಬ್ಬಿಗೆ ಹೋದಾಗ ಅಲ್ಲಿ ಸಂತೆ. ಸಂಗಮೇಶ ಹೋಟೆಲಿನ ಮುಂದೆ ಕಾಯುತ್ತ ನಿಂತಿದ್ದ. ಮೂವತ್ತೈದರ ಆಸುಪಾಸಿನವನು, ಹಣೆ ತುಂಬ ವಿಭೂತಿ, ಒಗೆದ ಬಿಳಿ ಅಂಗಿ. ನಾವು ಕಾಫಿ ಕುಡಿದು ಮುಗಿಸುವುದರೊಳಗೆ ತೆಂಗಿನಕಾಯಿ ಮಂಡಿಯವರು, ತರಕಾರಿಯವರು, ದಾರಿಹೋಕರು, ಒಬ್ಬರಾದ ಮೇಲೆ ಒಬ್ಬರು ನಿಂತು "ಸಂಗಣ್ಣ, ಆರಾಮಾ?" ಅಂತ ವಿಚಾರಿಸಿಕೊಂಡರು. ಒಬ್ಬ ಮುದುಕನಂತೂ ನನಗೆ ಕೈ ಮುಗಿದು, "ಈವಯ್ಯ ಇಲ್ದಿದ್ರೆ ನಾವು ಬೀದಿಗೆ ಬೀಳ್ತಿದ್ವಿ ಕಣವ್ವ" ಅಂದ. ಸಂಗಮೇಶನದು ತಾತನ ಕಾಲದಿಂದಲೂ ಮಠಕ್ಕೆ ನಡೆದುಕೊಂಡು ಬಂದ ಮನೆತನ, ಚನ್ನವೀರಯ್ಯನವರ ಮಗ ಅಂದರೆ ಹಳ್ಳಿಗಳಲ್ಲಿ ನಡುಮನೆಯವರೆಗೂ ಕರೆಯುತ್ತಾರೆ ಅಂತ ತಿಮ್ಮರಾಜು ಸುದ್ದಿ ತಂದ. ಎಲ್ಲರೂ ಇಷ್ಟು ಹೊಗಳುವ ಮನುಷ್ಯನನ್ನು ನಂಬಲೇಬಾರದು. ಲೆಕ್ಕ ಹಾಕಿ ಮೋಸ ಮಾಡುವವರು ಮೊದಲು ಒಳ್ಳೆಯ ಹೆಸರು ಸಂಪಾದಿಸಿಕೊಳ್ಳುತ್ತಾರೆ.

"ನಿಮ್ಮ ರೂಟಲ್ಲಿ ದನ ಬಹಳ ಸಾಯ್ತವಲ್ಲಪ್ಪ" ಅಂದೆ.

"ಎಲ್ಲಾ ಕಡೆ ಸಾಯೋ ಹಾಗೇ ಸಾಯ್ತವೆ ಮೇಡಂ."

"ಬೇರೆ ಕಡೆ ಸಾಯ್ತಿಲ್ವಲ್ಲ."

 ಅವನು ಲೋಟವನ್ನು ಮೇಜಿನ ಮೇಲೆ ಸುಮ್ಮಸುಮ್ಮನೆ ತಿರುಗಿಸತೊಡಗಿದ. ಸಿಕ್ಕಿಬಿದ್ದ ಅಂದುಕೊಂಡೆ.

"ಸರ್ವಮಂಗಳಮ್ಮ ಅನ್ನೋರ ಹಸು ಸತ್ತಿದೆಯಲ್ಲ, ಅದನ್ನ ಹೂತಿರೋ ಜಾಗ ನೋಡ್ಬೇಕು" ಅಂದೆ.

ಅವನ ಮುಖ ಬಿಳಿಚಿಕೊಂಡಿತು. ಹೌದು, ನಾನು ನೋಡಿದೆ, ವಿಭೂತಿಯ ಕೆಳಗೆ ಬೆವರು ಮೂಡಿತು. "ಎರಡು ತಿಂಗಳಾಯ್ತಲ್ಲ ಮೇಡಂ, ಈಗ್ಯಾಕೆ? ಬೇರೆ ಯಾರ್ದಾದ್ರೂ ನೋಡಿ."

"ಅದೇ ಬೇಕು."

ಸರ್ವಮಂಗಳಮ್ಮನ ಮನೆ ಗುಬ್ಬಿಯಿಂದ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ. ಗಂಡ ತೀರಿಹೋಗಿದ್ದಾರೆ, ಮಗಳು ಪಲ್ಲವಿ ಹತ್ತಿರದ ಶಾಲೆಯಲ್ಲಿ ಟೀಚರು. ನಮ್ಮನ್ನು ಕಂಡು ಗಟ್ಟಿಮುಟ್ಟಾದ ಆ ಹೆಂಗಸು ನಗುತ್ತ ಬಂದರು. ಸಂಗಮೇಶನನ್ನು ನೋಡಿ ಮುಖ ಇನ್ನಷ್ಟು ಅರಳಿತು. "ಬಾ ಮಗಾ. ಏನೋ ಇಷ್ಟ್ ಸೊರಗಿದೀಯ? ಊಟ ಮಾಡ್ತೀಯೋ ಇಲ್ವೋ?"

ಕೊಟ್ಟಿಗೆಯಲ್ಲಿ ಕರಿ-ಬಿಳಿ ಬಣ್ಣದ ಹೊಸ ಹಸು ನಿಂತಿತ್ತು. ಸತ್ತ ಕೆಂದಿಯ ವಿಮೆ ದುಡ್ಡಿನಲ್ಲಿ ತಂದದ್ದು ಅಂತ ಆಕೆಯೇ ಹೇಳಿದರು. "ಕೆಂದಿ ಹೋದಾಗ ನಾನೂ ಹೋಗ್ಬುಟ್ಟೆ ಅಂದ್ಕೊಂಡೆ ಕಣವ್ವ. ನಮ್ಮ ಸಂಗಣ್ಣನೇ ಓಡಾಡಿ ಎಲ್ಲ ಮಾಡ್ದ. ಗುಂಡಿ ತೆಗ್ಸಿ, ಉಪ್ಪು ತರ್ಸಿ, ಮುಖಕ್ಕೆ ಬಟ್ಟೆ ಸುತ್ತಿ. ವಿಭೂತಿ ಹಚ್ಚಿ ಬಿಲ್ವಪತ್ರೆ ಇಟ್ಟು, ನಮ್ಮನೆ ಮನುಷ್ಯರ್ನ ಮಣ್ಣು ಮಾಡೋ ಹಾಗೇ ಮಾಡಿದ್ವಿ. ಮೈಯಲ್ಲಿ ಒಂದು ಗಾಯ ಇಲ್ದಂಗೆ ಶಿವನಿಗೆ ಒಪ್ಪಿಸ್ದೆ, ಅದೊಂದು ಸಮಾಧಾನ."

"ಕಿವಿಯೋಲೆ ಹೆಂಗೆ ತೆಗೆದ್ರಿ?" ಅಂದೆ.

"ಅದಕ್ಕೇನೋ ಕಟ್ಟರ್ರು ಬರುತ್ತಂತಲ್ಲ, ಸಂಗಣ್ಣ ಅದ್ರಲ್ಲಿ ತೆಗ್ದ. ನಾನು ನೀರು ತರಕ್ಕೆ ಒಳಕ್ಕೆ ಹೋಗಿದ್ದೆ."

ನನ್ನ ಎದೆ ಧಸಕ್ಕೆಂದಿತು, ಸಂತೋಷಕ್ಕೆ. ಆಫೀಸಿನಲ್ಲಿರುವ ಡಬ್ಬಿಯಲ್ಲಿ ಇರುವುದು ಕಿವಿ. ಇಲ್ಲಿ ತೆಗೆದದ್ದು ಬರೀ ಓಲೆ. ಹಾಗಾದರೆ ಆ ಕಿವಿ ಯಾವ ದನದ್ದು? ಸಿಕ್ಕಿಬಿದ್ದೆಯಲ್ಲೋ ಮಗನೇ, ಅಂದುಕೊಂಡು ಸಂಗಮೇಶನ ಕಡೆ ತಿರುಗಿದೆ. ಅವನು ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದುಕೊಂಡು ಹೋದ.

"ಮೇಡಂ, ಕಳ್ಳ ಅಂತಾನೇ ಬರ್ಕೊಳ್ಳಿ. ಏಜೆನ್ಸಿ ಕಿತ್ಕೊಳ್ಳಿ, ಪೊಲೀಸ್ ಕರ್ಸಿ, ನಾನು ಸೈನ್ ಹಾಕಿ ಕೊಡ್ತೀನಿ. ಇಲ್ಲಿ ಅಗೆಯೋದು ಮಾತ್ರ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಂದ್ರೆ ಕೆಳಗೆ ಹಸು ಇಲ್ಲ."

"ಇದೆ ಮೇಡಂ. ಅದಕ್ಕೇ ಬೇಡ ಅಂತಿರೋದು."

ಎಂಥ ಮಾತು ಇದು! ಹಸು ಇದ್ದರೆ ಅಗೆಸಿ ತೋರಿಸಿ ಬಚಾವಾಗಬೇಕಾದವನು ಕಾಲಿಗೆ ಬೀಳುತ್ತಾನೆಯೇ? ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ನೋಡಿರಲಿಲ್ಲ. ನನ್ನ ದನಿ ಏರಿತು. "ಮೋಸ ಮಾಡಿ ಈಗ ನಾಟಕ ಆಡ್ತೀಯೇನಯ್ಯಾ? ಸತ್ತಿಲ್ಲದ ದನಕ್ಕೆಲ್ಲ ದುಡ್ಡು ಎತ್ತಿ ಜೈಲಿಗೆ ಹೋಗೋ ಕೆಲ್ಸ ಮಾಡಿದೀಯ!"

ಸರ್ವಮಂಗಳಮ್ಮನಿಗೆ ಅದು ಕೇಳಿಸಿತು. ಮಜ್ಜಿಗೆ ಲೋಟಗಳನ್ನು ಜಗಲಿಯ ಮೇಲೆ ಕುಕ್ಕಿ ನೇರ ನನ್ನೆದುರಿಗೇ ಬಂದರು. ನಗುತ್ತಿದ್ದ ಮುಖ ಕೆಂಪಾಗಿತ್ತು.

"ಯಾರಿಗೆ ಅಂತಿದೀಯ ಮೋಸ ಅಂತ? ನಮ್ಮ ಹುಡುಗನಿಗಾ? ನಾಲಿಗೆ ಬಿಗಿ ಹಿಡಿದು ಮಾತಾಡು. ಕೆಂದಿ ಸತ್ತಿಲ್ಲ ಅಂತೀಯಾ? ಬಾ, ತೋರಿಸ್ತೀನಿ ಬಾ."

"ದೊಡ್ಡಮ್ಮ, ಬೇಡಿ" ಅಂತ ಸಂಗಮೇಶ ಅಡ್ಡ ನಿಂತ. "ಅದರ ಪಾಡಿಗೆ ಅದು ಮಲಗಿದೆ, ಬಿಡಿ. ನನಗೇನಾದ್ರೂ ಆಗ್ಲಿ."

"ನೀನ್ ಸುಮ್ನಿರೋ. ನಾನ್ ಬದುಕಿರೋವಾಗ ನಿನ್ನ ಜೈಲಿಗೆ ಕಳಿಸ್ತಾರಾ? ಊರವರ ಮುಂದೆ ನಿನ್ನ ತಲೆ ಬಗ್ಸಕ್ಕೆ ನಾನು ಬಿಡಲ್ಲ." ಮೂಲೆಯಲ್ಲಿದ್ದ ಗುದ್ದಲಿಯನ್ನು ತಾವೇ ಎತ್ತಿಕೊಂಡು ತೋಟದೊಳಕ್ಕೆ ನಡೆದರು. ಗಲಾಟೆ ಕೇಳಿ ಅಕ್ಕಪಕ್ಕದ ಮನೆಯವರೂ ಬಂದು ಸೇರಿಕೊಂಡರು.

ಮೊದಲ ಏಟು ಅವರೇ ಹಾಕಿದರು. ಆಮೇಲೆ ತಿಮ್ಮರಾಜು, ಪಕ್ಕದ ಮನೆಯವನೊಬ್ಬ ಸೇರಿ ಅಗೆದರು. ಸಂಗಮೇಶ ತೆಂಗಿನ ಮರಕ್ಕೆ ಹಣೆ ಒತ್ತಿಕೊಂಡು ನಿಂತುಬಿಟ್ಟ. ಅವನು ಓಡಿಹೋಗಿಬಿಟ್ಟಾನು ಅಂತ ನಾನು ಅವನ ಮೇಲೆ ಒಂದು ಕಣ್ಣಿಟ್ಟಿದ್ದೆ. ಅವನು ಅಲುಗಾಡಲಿಲ್ಲ.

ಉಪ್ಪು ಸಿಕ್ಕಿತು, ಒಣಗಿದ ಬಿಲ್ವಪತ್ರೆ ಸಿಕ್ಕಿತು, ಕೆಂಪು ಚರ್ಮ ಕಂಡಿತು. ನಾತಕ್ಕೆ ಎಲ್ಲರೂ ಸೆರಗು ಟವಲ್ಲು ಮೂಗಿಗೆ ಹಿಡಿದರು. ಸರ್ವಮಂಗಳಮ್ಮ ಮಾತ್ರ ಹಿಡಿಯಲಿಲ್ಲ. "ನೋಡಮ್ಮ, ನೋಡು. ಇದ್ಯಾರು? ನಿಮ್ಮಪ್ಪನ ಮನೆ ಹಸುನಾ?" ಅಂದರು. ನಾನು ಬಿಡುವವಳಾ? ವಿಮೆಯ ಫೋಟೋದಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿದೆ, ಮುಖ ನೋಡಬೇಕು ಅಂದೆ.

"ದೊಡ್ಡಮ್ಮ, ನೀವು ಒಳಕ್ಕೆ ಹೋಗಿ. ನಾನ್ ತೋರಿಸ್ತೀನಿ" ಅಂತ ಸಂಗಮೇಶ ಓಡಿಬಂದ. ಆಕೆ ಅವನ ಕೈ ಸರಿಸಿ, ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಮುಖಕ್ಕೆ ಸುತ್ತಿದ್ದ ಬಿಳಿ ಬಟ್ಟೆಯನ್ನು ತಾವೇ ಬಿಚ್ಚಿದರು.

ಹಣೆಯ ಮೇಲೆ ಚುಕ್ಕೆ ಇತ್ತು. ಎಡಗಿವಿ ಇತ್ತು. ಬಲಗಿವಿ ಇರಲಿಲ್ಲ. ಬುಡದಿಂದ ನೇರವಾಗಿ ಕೊಯ್ದಿದ್ದರು. ಕೊಯ್ದ ಜಾಗಕ್ಕೆ ಬದುಕಿರುವ ದನದ ಗಾಯಕ್ಕೆ ಹಚ್ಚುವ ಹಾಗೆ ಅರಿಸಿನ ಮೆತ್ತಿ, ಹತ್ತಿ ಇಟ್ಟಿತ್ತು.

ಸರ್ವಮಂಗಳಮ್ಮ ಬೆರಳಿನಿಂದ ಆ ಅರಿಸಿನವನ್ನು ಮುಟ್ಟಿ ನೋಡಿದರು.

"ಯಾರೋ ಮಾಡಿದ್ದು ಇದನ್ನ?"

"ನಾನೇ ದೊಡ್ಡಮ್ಮ."

"ನಾನು ನೀರಿಗೆ ಹೋದಾಗಲಾ?"

"ಹೂಂ."

"ದುಡ್ಡಿಗಾ?"

"ನಿಮಗೆ ಬರ್ಲಿ ಅಂತ. ಕಿವಿ ಕೊಡ್ದಿದ್ರೆ ಕಂಪನಿಯವರು ಒಂದು ಪೈಸೆ ಕೊಡಲ್ಲ. ನಿಮಗೆ ಹೇಳಿದ್ರೆ ನೀವು ಬೇಡ ಅಂತಿದ್ರಿ. ಹಸು ಇಲ್ದೆ ನೀವು ಹೆಂಗೆ ಬಾಳ್ತಿದ್ರಿ?"

ನೆರೆದವರಲ್ಲಿ ಒಬ್ಬಾಕೆ ತಟ್ಟನೆ, "ನಮ್ಮ ಸೀಮೆಹಸುಗೂ ಹಿಂಗೇ ಮಾಡ್ದೇನೋ ಸಂಗಣ್ಣ? ಅದಕ್ಕೂ ನೀನೇ ತಾನೆ ಬಟ್ಟೆ ಸುತ್ತಿದ್ದು?" ಅಂದಳು. ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ತಲೆಯಾಡಿಸಿದ. ಇನ್ನೊಬ್ಬ ಕೇಳಿದ. ಅದಕ್ಕೂ ತಲೆಯಾಡಿಸಿದ. ಅಯ್ಯೋ ಶಿವನೇ, ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ನಾನು ಹಿಡಿಯಬೇಕೆಂದು ಬಂದ ಕಳ್ಳತನ ಅಲ್ಲಿ ಎಲ್ಲೂ ಇರಲಿಲ್ಲ. ಅವನ ಒಂದೊಂದು ಕ್ಲೇಮೂ ಸಾಚಾ. ಅದು ಸಾಬೀತಾದ ಹಾಗೆಲ್ಲ ಸುತ್ತ ನಿಂತವರು ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು.

ಸರ್ವಮಂಗಳಮ್ಮ ತಮ್ಮ ಸೆರಗಿನ ತುದಿಯನ್ನು ಹರಿದು ಆ ತಲೆಗೆ ಸುತ್ತಿದರು. ಸಂಗಮೇಶ ಕೈ ಜೋಡಿಸಲು ಬಂದಾಗ, "ಮುಟ್ಬೇಡ" ಅಂದರು. ಕೂಗಲಿಲ್ಲ, ಬಯ್ಯಲಿಲ್ಲ. ಮಣ್ಣು ಮುಚ್ಚಿದ ಮೇಲೆ ಎದ್ದು, ಅವನ ಮುಖ ನೋಡದೆ ಹೇಳಿದರು. "ನಮ್ಮ ಕೆಂದಿ ಕಿವಿ ಮಾರಿದ ದುಡ್ಡಲ್ಲಿ ತಂದ ಹಸು ಹಾಲು ಕುಡಿಸ್ಬುಟ್ಯಲ್ಲೋ ನಂಗೆ. ಅದನ್ನ ಹೊಡ್ಕೊಂಡು ಹೋಗು."

"ದೊಡ್ಡಮ್ಮ..."

"ಹಂಗೆ ಕರೀಬೇಡ."

ವಾಪಸ್ಸು ಬರುವಾಗ ತಿಮ್ಮರಾಜು ಒಂದೂ ತಮಾಷೆ ಮಾಡಲಿಲ್ಲ. ನಾನು ಕಾರಿನಿಂದಲೇ ಕೊತ್ತಗೆರೆಯ ಕದರಯ್ಯನಿಗೆ ಫೋನ್ ಮಾಡಿ ಕೂಗಾಡಿದೆ. "ನಿಜ ಹೇಳಿ, ನಿಮ್ಮ ಕಡೆ ಕ್ಲೇಮು ಯಾಕೆ ಬರಲ್ಲ?"

"ಕಿವಿ ಕೊಯ್ಕೊಂಡು ಬನ್ನಿ ಅಂದ್ರೆ ನನ್ನನ್ನೇ ಕೊಯ್ಯಕ್ಕೆ ಬರ್ತಾರೆ ಮೇಡಂ. ಸಾಕಿ ಸಲಹಿದ ಹಸು, ಯಾರಿಗೆ ಮನಸ್ಸು ಬರುತ್ತೆ? ಅದಕ್ಕೇ ಹೂತು ಸುಮ್ಕಾಗ್ತಾರೆ. ನಿಮ್ಮ ಆಫೀಸಿನವರು ಒಳ್ಳೆ ರೂಟು ಅಂತ ಹೊಗಳ್ತಿದ್ರಲ್ಲ, ನಾನ್ಯಾಕೆ ಬಾಯಿ ಬಿಡ್ಲಿ?"

ಕೋಮಲಾಗೆ ಎಲ್ಲವನ್ನೂ ಹೇಳಿದೆ. ಅವಳು ಪರದೆಯ ಮೇಲೆ ಉಳಿದ ರೂಟುಗಳ ಲೆಕ್ಕ ತೆರೆದಳು. "ಹಾಗಾದ್ರೆ ಮೇಡಂ, ಗುಬ್ಬಿಯಲ್ಲಿ ಬಂದಿದ್ದೇ ನಿಜವಾದ ಸಾವಿನ ಸಂಖ್ಯೆ. ಮಿಕ್ಕ ಕಡೆ ನಾಲ್ಕು ಸತ್ರೆ ನಮ್ಗೆ ಒಂದು ಕಾಣ್ತಿತ್ತು. ನಾನು ಆ ಒಂದನ್ನೇ ಮಾಮೂಲಿ ಅಂತ ಇಟ್ಕೊಂಡೆ. ಕಾಣದ ಕಾರಣ ಇದ್ದಿದ್ದು ಗುಬ್ಬಿಲಲ್ಲ, ಉಳಿದ ಎಲ್ಲಾ ಕಡೆ." ಅವಳ ಕಣ್ಣಲ್ಲಿ ನೀರಿತ್ತು.

ನಾನು ವರದಿ ಬರೆದೆ. ಸಂಗಮೇಶನ ಕ್ಲೇಮುಗಳೆಲ್ಲ ನಿಜ, ಏಜೆನ್ಸಿ ಮುಟ್ಟಬೇಡಿ, ಬದಲಿಗೆ ಆ ಹಾಳು ಕಿವಿಯ ನಿಯಮವನ್ನು ತೆಗೆದು ಹಾಕಿ, ಓಲೆಯಿರುವ ಮುಖದ ವೀಡಿಯೊ ತೆಗೆದುಕೊಳ್ಳಿ ಅಂತ ಕಡ್ಡಿ ಮುರಿದ ಹಾಗೆ ಬರೆದೆ. ಮ್ಯಾನೇಜರು ಹೆಡ್ಡಾಫೀಸಿಗೆ ಕಳಿಸುತ್ತೇನೆ ಅಂದರು. ಏಜೆನ್ಸಿ ಉಳಿಯಿತು. ಪೊಲೀಸರು ಬರಲಿಲ್ಲ.

ಮಳೆಗಾಲ ಕಳೆದ ಮೇಲೆ ಮ್ಯಾನೇಜರು ನನ್ನನ್ನು ತಮ್ಮ ರೂಮಿಗೆ ಕರೆದು ಸ್ವೀಟು ಕೊಟ್ಟರು. ಹಳೆಯ ಮಾಡೆಲ್ಲಿನಲ್ಲೇ ಕೋಮಲಾ ತೆಗೆದ ಈ ಸಲದ ಲೆಕ್ಕ ಅವರ ಮೇಜಿನ ಮೇಲಿತ್ತು. ಗುಬ್ಬಿ ರೂಟಿನ ಗುಣಕ ಒಂದಕ್ಕೆ ಇಳಿದಿತ್ತು. "ನೋಡಿ ಮಾಲಿನಿ ಮೇಡಂ, ನೀವು ಹೋಗಿ ಒಂದು ಸಲ ಗದರಿಸಿ ಬಂದಿದ್ದೇ ತಡ, ಎಲ್ಲ ನಾರ್ಮಲ್ ಆಯ್ತು. ಹೆಡ್ಡಾಫೀಸಲ್ಲಿ ಫುಲ್ ಖುಷಿ. ಇನ್ನು ನಿಯಮ ಗಿಯಮ ಬದಲಾಯಿಸೋದು ಯಾಕೆ ಅಂತಿದಾರೆ."

ಸ್ವೀಟನ್ನು ಅಲ್ಲೇ ಇಟ್ಟು ಆಚೆ ಬಂದು ಸಂಗಮೇಶನಿಗೆ ಫೋನ್ ಮಾಡಿದೆ. ಎತ್ತುತ್ತಾನೋ ಇಲ್ಲವೋ ಅಂದುಕೊಂಡಿದ್ದೆ, ಎತ್ತಿದ.

"ಯಾಕಪ್ಪ, ನಿಮ್ಮ ಕಡೆ ಈಗ ದನ ಸಾಯ್ತಿಲ್ವಾ?"

"ಸಾಯ್ತವೆ ಮೇಡಂ" ಅಂದ. "ನನ್ನ ಕರೆಯಲ್ಲ."